ಆಟಿಕೆಯ ಆಯ್ಕೆ: ನಂಬಿಕೆಯೊಂದೇ ಸಾಕೆ?

ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆಂದು ಚನ್ನಪಟ್ಟಣದ ಹಳೆಯ ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ ಗಿಲಕಿ ಆರಿಸುತ್ತಿದ್ದಾಗ ಸೊಸೆ ಕೇಳಿದಳು: 'ಇದರ ಮೇಲೆ ಐಎಸ್‌ಐ ಗುರುತೇ ಇಲ್ಲವಲ್ಲ ಮಾವ?' ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ.

ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಕೇಂದ್ರ ಸರ್ಕಾರ 2021ರ ಜನವರಿ 1ರಿಂದ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸಿತು. ಸೀಸದಂತಹ ವಿಷಲೋಹ, ಗಂಟಲಲ್ಲಿ ಸಿಲುಕುವ ಬಿಡಿಭಾಗ, ಚೂಪಾದ ಅಂಚು ಇವುಗಳ ಪರೀಕ್ಷೆಯೇ ಅದರ ತಿರುಳು. ಆದರೆ ನೋಂದಾಯಿತ ಕುಶಲಕರ್ಮಿಗಳಿಗೂ, ಚನ್ನಪಟ್ಟಣದ ಬೊಂಬೆಗಳಂತೆ ಭೌಗೋಳಿಕ ಸೂಚಿಕೆ ಪಡೆದ ಉತ್ಪನ್ನಗಳ ಅಧಿಕೃತ ತಯಾರಕರಿಗೂ 2020ರ ಡಿಸೆಂಬರ್‌ನಲ್ಲಿಯೇ ವಿನಾಯಿತಿ ದೊರೆಯಿತು. ಪರೀಕ್ಷೆಯ ವೆಚ್ಚ ಭರಿಸಲಾಗದ ಕುಶಲಕರ್ಮಿಯ ದೃಷ್ಟಿಯಿಂದ ಇದು ನ್ಯಾಯವೇ.

ತೊಡಕಿರುವುದು ಕೊಳ್ಳುವವರ ಕಡೆಯಲ್ಲಿ. ಸರಕಿನ ಗುಣ ಮಾರುವವನಿಗಷ್ಟೇ ತಿಳಿದಿರುವ ಮಾರುಕಟ್ಟೆಯಲ್ಲಿ ಕಳಪೆಯು ಉತ್ತಮವನ್ನು ಹೊರದೂಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿಯೇ ತೋರಿಸಿದ್ದರು. ಹಾಲೆ ಮರ, ಅರಗು, ಸಸ್ಯಜನ್ಯ ಬಣ್ಣಗಳಿಂದಾದ ಅಪ್ಪಟ ಬೊಂಬೆಯನ್ನೂ ಅಗ್ಗದ ರಾಸಾಯನಿಕ ಬಣ್ಣ ಬಳಿದ ನಕಲನ್ನೂ ಬರಿಗಣ್ಣಿನಿಂದ ಬೇರ್ಪಡಿಸುವುದು ಪೋಷಕರಿಗೆ ಸುಲಭವಲ್ಲ. ಭೌಗೋಳಿಕ ಸೂಚಿಕೆ ಸಾರುವುದು ಮೂಲವನ್ನು, ಬಣ್ಣದ ಸುರಕ್ಷತೆಯನ್ನಲ್ಲ. ಎಳೆಗೂಸಾದರೋ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ.

ವಿನಾಯಿತಿಯನ್ನು ಹಿಂತೆಗೆಯಬೇಕಿಲ್ಲ; ಹಾಗೆ ಮಾಡಿದರೆ ಮೊದಲು ಮುಚ್ಚುವುದು ಬಡವನ ಚರಕಿ. ಬದಲಿಗೆ ಸರ್ಕಾರವೇ ತನ್ನ ವೆಚ್ಚದಲ್ಲಿ ಬಣ್ಣ ಮತ್ತು ಅರಗಿನ ಮಾದರಿಗಳನ್ನು ನಿಯತವಾಗಿ ಪರೀಕ್ಷಿಸಿ, ತೇರ್ಗಡೆಯಾದ ಸರಕಿಗೆ ಸರಳ ಗುರುತೊಂದನ್ನು ನೀಡಲಿ. ಅದರಿಂದ ಪ್ರಾಮಾಣಿಕ ಕುಶಲಕರ್ಮಿಗೆ ಬೆಲೆಯೂ ಸಿಕ್ಕೀತು.

ಗಿಲಕಿಯನ್ನೇನೋ ಕೊಂಡೆವು, ಅಂಗಡಿಯವರ ಮಾತನ್ನು ನಂಬಿ. ಸೊಸೆಯ ಪ್ರಶ್ನೆಗೆ ಉತ್ತರಿಸಬೇಕಾದವರು ಅಂಗಡಿಯವರಲ್ಲ, ಸರ್ಕಾರ.