ಗ್ರೇಸನ್ ಹೋದರು, ಉತ್ತರ ಕೊಡಬೇಕಾದವರು ಎಲ್ಲಿ?



ಬೆಂಗಳೂರು ಎಫ್‌ಸಿ ತನ್ನ ಕೋಚ್ ಸೈಮನ್ ಗ್ರೇಸನ್ ಅವರನ್ನು ಕೈಬಿಟ್ಟ ಸುದ್ದಿಯನ್ನೂ ಅದಕ್ಕೆ ಅಭಿಮಾನಿಗಳು ಪಟ್ಟ ಸಂತೋಷವನ್ನೂ ನಿಮ್ಮ ಕ್ರೀಡಾಪುಟದಲ್ಲಿ ಓದಿದೆ. 2023ರ ಡಿಸೆಂಬರ್ 8ರಂದು ಕಂಠೀರವ ಕ್ರೀಡಾಂಗಣದಲ್ಲಿ ಮುಂಬೈ ಸಿಟಿ ಎದುರು 0–4ರಿಂದ ಸೋತಾಗ ನಾನೂ ಗ್ಯಾಲರಿಯಲ್ಲಿದ್ದೆ. ಮೂರನೇ ಗೋಲಿನ ಹೊತ್ತಿಗೆ ಸುತ್ತಲಿನವರು ಎದ್ದು ಹೊರಟಿದ್ದರು. ಮಾರನೇ ದಿನವೇ ಕೋಚ್ ಇಲ್ಲ. ಈ ಸೀಸನ್‌ನಲ್ಲಿ ಅಲ್ಲಿಯವರೆಗೆ ತಂಡ ಗೆದ್ದದ್ದು ಒಂದೇ ಒಂದು ಪಂದ್ಯ. ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟೆಲ್ಲ ಒಬ್ಬ ಮನುಷ್ಯನ ಮೇಲೆ ಬಿದ್ದು ಅಲ್ಲಿಗೇ ತಣ್ಣಗಾಗುತ್ತಿದೆಯಲ್ಲ, ಅದನ್ನು ಒಪ್ಪಲು ನನಗೆ ಆಗುತ್ತಿಲ್ಲ.

ಕಳೆದ ಸೀಸನ್ನನ್ನು ಇಷ್ಟು ಬೇಗ ಮರೆಯುವುದು ಹೇಗೆ? 2022ರ ಡಿಸೆಂಬರ್‌ನಲ್ಲೂ ಇದೇ ಗ್ರೇಸನ್ ಕೈಯಲ್ಲಿ ತಂಡ ಸೋಲಿನ ಮೇಲೆ ಸೋಲು ಉಣ್ಣುತ್ತಿತ್ತು. ಆಗಲೂ ‘ಕೋಚ್ ಬದಲಿಸಿ’ ಎಂಬ ಕೂಗಿತ್ತು. ಕ್ಲಬ್ ಅಂದು ತಾಳ್ಮೆ ಕಳೆದುಕೊಳ್ಳಲಿಲ್ಲ. ಆಮೇಲೆ ಲೀಗ್‌ನಲ್ಲಿ ಸತತ ಎಂಟು ಪಂದ್ಯ ಗೆದ್ದೆವು. ಪ್ಲೇಆಫ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಯಕ ಸುನಿಲ್ ಚೆಟ್ರಿ ಹೊಡೆದ ಫ್ರೀ ಕಿಕ್, ಅದನ್ನು ಪ್ರತಿಭಟಿಸಿ ಎದುರಾಳಿಗಳು ಮೈದಾನ ಬಿಟ್ಟು ನಡೆದದ್ದು, ಆ ರಾತ್ರಿಯ ಗದ್ದಲ ಯಾರಿಗೆ ನೆನಪಿಲ್ಲ? ಮಾರ್ಚ್‌ನಲ್ಲಿ ಗೋವಾದ ಫತೋರ್ಡಾದಲ್ಲಿ ಫೈನಲ್ ಆಡಿ, 2–2 ಸಮಬಲದ ನಂತರ ಪೆನಾಲ್ಟಿಯಲ್ಲಿ ಮೋಹನ್ ಬಾಗಾನ್‌ಗೆ ಸೋತೆವು. ಅದಕ್ಕೂ ಮುಂಚೆ ಡ್ಯುರಾಂಡ್ ಕಪ್ ಗೆದ್ದಾಗಿತ್ತು. ಇಷ್ಟು ಮಾಡಿದ ಕೋಚ್‌ಗೆ ಒಂಬತ್ತು ತಿಂಗಳಲ್ಲಿ ಫುಟ್‌ಬಾಲ್ ಮರೆತುಹೋಯಿತೇ?

ಮರೆತದ್ದಲ್ಲ. ಆ ತಂಡವೇ ಉಳಿಯಲಿಲ್ಲ. ಸಂದೇಶ್ ಜಿಂಗಾನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ ಹೋದರು. ರಾಯ್ ಕೃಷ್ಣ ಒಡಿಶಾಕ್ಕೆ, ಪ್ರಬೀರ್ ದಾಸ್ ಕೇರಳ ಬ್ಲಾಸ್ಟರ್ಸ್‌ಗೆ. ಹಿಂಬದಿಯಲ್ಲಿ ಜಿಂಗಾನ್, ಮುಂದೆ ರಾಯ್ ಕೃಷ್ಣ, ಇಬ್ಬರೂ ಒಂದೇ ಬೇಸಿಗೆಯಲ್ಲಿ ಕೈಬಿಟ್ಟುಹೋದರೆ ಯಾವ ತಂಡ ತಾನೇ ಅಲುಗಾಡದು? ಅವರ ಬದಲಿಗೆ ಬಂದ ಕರ್ಟಿಸ್ ಮೇನ್, ಸ್ಲಾವ್ಕೊ ಡಮ್ಯಾನೊವಿಚ್, ಹಾಲಿಚರಣ್ ನರ್ಜರಿ ಮುಂತಾದವರನ್ನು ನಾನು ಹಳಿಯುವುದಿಲ್ಲ. ಹೊಸಬರು ಒಬ್ಬರಿಗೊಬ್ಬರು ಹೊಂದಿಕೊಳ್ಳಲು ಸಮಯ ಬೇಕು. ಅದರ ಮೇಲೆ ಸೀಸನ್ನಿನ ಮೊದಲ ಎರಡು ಪಂದ್ಯಗಳಿಗೆ ಚೆಟ್ರಿಯೇ ಇರಲಿಲ್ಲ, ಅವರು ಏಷ್ಯನ್ ಗೇಮ್ಸ್‌ಗೆಂದು ಹಾಂಗ್‌ಝೌನಲ್ಲಿದ್ದರು. ಕೊಚ್ಚಿಯಲ್ಲಿ 1–2, ಕೋಲ್ಕತ್ತದಲ್ಲಿ 0–1. ಎರಡೂ ಒಂದೊಂದು ಗೋಲಿನ ಸೋಲು. ಮೂವತ್ತೊಂಬತ್ತು ದಾಟಿದ ನಾಯಕನ ನೆರಳಲ್ಲಿ ಇನ್ನೊಬ್ಬ ಗೋಲು ಹೊಡೆಯುವವನನ್ನು ಬೆಳೆಸಬೇಕೆಂಬುದು ಹೊಸದಾಗಿ ಹೊಳೆಯಬೇಕಾದ ವಿಷಯವೂ ಅಲ್ಲ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಹಣ ಎಂಬುದು ಕೋಚ್ ಒಬ್ಬನೇ ತೀರ್ಮಾನಿಸುವ ಮಾತಲ್ಲ. ಆ ತೀರ್ಮಾನ ಮಾಡಿದವರ ಹೆಸರು ಗ್ಯಾಲರಿಯ ಕೂಗಿನಲ್ಲಿ ಒಮ್ಮೆಯೂ ಕೇಳಿಬರಲಿಲ್ಲ.

ಗ್ರೇಸನ್ ತಪ್ಪೇ ಮಾಡಿಲ್ಲ ಎಂದು ನಾನು ವಾದಿಸುತ್ತಿಲ್ಲ. ಮುಂಬೈ ಎದುರು ನಮ್ಮ ಆಟಗಾರರು ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡಿಬರುತ್ತಿದ್ದ ರೀತಿ ನೋಡಿದರೆ ತಯಾರಿಯ ಕೊರತೆ ಎದ್ದು ಕಾಣುತ್ತಿತ್ತು. ಅದು ಕೋಚ್‌ನ ಹೊಣೆಯೇ. ಆದರೆ ಸೀಸನ್ ನಡುವೆ ಕೋಚ್‌ನನ್ನು ಕಳಿಸಿಬಿಡುವ ಈ ಅಭ್ಯಾಸ ಇಂಗ್ಲೆಂಡಿನಲ್ಲಿ ಸಾಮಾನ್ಯ. ಅಲ್ಲಿ ಕೊನೆಯ ಮೂರು ಸ್ಥಾನಕ್ಕೆ ಇಳಿದರೆ ಲೀಗ್‌ನಿಂದಲೇ ಕೆಳಗೆ ಬೀಳಬೇಕು, ಕೋಟಿಗಟ್ಟಲೆ ಹಣ ಹೋಗುತ್ತದೆ. ಅಲ್ಲಿನವರ ಗಾಬರಿಗೆ ಒಂದು ಕಾರಣವಿದೆ. ನಮ್ಮ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 2023ರಲ್ಲಿ ಯಾವ ತಂಡವೂ ಕೆಳಗಿನ ದರ್ಜೆಗೆ ಇಳಿಯುತ್ತಿರಲಿಲ್ಲ. ಈ ಸೀಸನ್ನಿನಲ್ಲಿ ಹನ್ನೆರಡು ತಂಡಗಳು, ಪ್ರತಿ ತಂಡಕ್ಕೆ 22 ಪಂದ್ಯ, ಮೊದಲ ಆರು ತಂಡಗಳಿಗೆ ಪ್ಲೇಆಫ್. ಅರ್ಧಕ್ಕಿಂತ ಹೆಚ್ಚು ಪಂದ್ಯಗಳು ಇನ್ನೂ ಬಾಕಿ ಇದ್ದವು. ಆಟಗಾರರನ್ನು ಕೊಳ್ಳುವ ಕಿಟಕಿ ಜನವರಿಗೆ ತೆರೆಯುತ್ತದೆ. ಅಲ್ಲಿಯವರೆಗೆ ಹೊಸ ಕೋಚ್ ಬಂದರೂ ಅವರ ಕೈಯಲ್ಲಿರುವುದು ಇದೇ ಆಟಗಾರರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ತುರ್ತು ಏನಿತ್ತು?

ಈ ಕ್ಲಬ್ಬಿನ ಚರಿತ್ರೆಯೇ ಬೇರೆ ಮಾತು ಹೇಳುತ್ತದೆ. 2013ರಲ್ಲಿ ಹುಟ್ಟಿದ ತಂಡ ಆಶ್ಲೀ ವೆಸ್ಟ್‌ವುಡ್ ಕೈಯಲ್ಲಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. 2015ರ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗಾನ್ ಎದುರು ಗೆದ್ದರೆ ಮತ್ತೆ ಪ್ರಶಸ್ತಿ ನಮ್ಮದೇ ಆಗುತ್ತಿತ್ತು. ಇನ್ನೇನು ಗೆದ್ದೆವು ಎನ್ನುವಾಗ ಬೆಲ್ಲೋ ರಜಾಕ್ ತಲೆಯಿಂದ ಹೊಡೆದ ಗೋಲು ಪಂದ್ಯವನ್ನು 1–1ಕ್ಕೆ ತಂದಿತು. ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಅಂದು ಯಾರೂ ವೆಸ್ಟ್‌ವುಡ್ ತಲೆ ಕೇಳಲಿಲ್ಲ. ಮರುವರ್ಷ ಅವರೇ ಐ-ಲೀಗ್ ಕಪ್ಪನ್ನು ವಾಪಸ್ ತಂದರು. ಆಮೇಲೆ ಬಂದ ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ತಲುಪಿರಲಿಲ್ಲ. ರೋಕಾ ಹೋದಾಗ ಅವರ ಸಹಾಯಕ ಕಾರ್ಲೆಸ್ ಕ್ವಾಡ್ರಾಟ್ ಅವರಿಗೇ ಹೊಣೆ ಕೊಟ್ಟರು. 2019ರಲ್ಲಿ ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ಹೊಡೆದ ಗೋಲಿನಿಂದ ಐಎಸ್‌ಎಲ್ ನಮ್ಮದಾಯಿತು. ಏಳು ವರ್ಷ, ಮೂವರು ಕೋಚ್‌ಗಳು.

2021ರ ಜನವರಿಯಲ್ಲಿ ಸತತ ಮೂರು ಸೋಲು ಬಂದ ಕೂಡಲೇ ಕ್ವಾಡ್ರಾಟ್ ಅವರನ್ನು ಮನೆಗೆ ಕಳಿಸಲಾಯಿತು. ಆಗಲೂ ಬಹಳ ಜನ ‘ಒಳ್ಳೆಯದಾಯಿತು’ ಎಂದರು. ಆ ಸೀಸನ್ ಏಳನೇ ಸ್ಥಾನದಲ್ಲಿ ಮುಗಿಯಿತು. ಹಂಗಾಮಿಯಾಗಿ ನೌಶಾದ್ ಮೂಸಾ, ಬಳಿಕ ಮಾರ್ಕೊ ಪೆಜ್ಜಾಯುಲಿ, ಆರನೇ ಸ್ಥಾನ, ಆಮೇಲೆ ಗ್ರೇಸನ್, ಈಗ ಜೆರಾರ್ಡ್ ಸರಗೋಸಾ. ಮೂರು ವರ್ಷದೊಳಗೆ ನಾಲ್ಕನೆಯವರು. ಈ ಅವಧಿಯಲ್ಲಿ ತಂಡ ಹೇಗೆ ಆಡಬೇಕೆಂಬ ಯೋಚನೆಯೇ ಪ್ರತಿ ಬಾರಿ ಬುಡದಿಂದ ಬದಲಾಗಿದೆ. ಚೆಂಡನ್ನು ಹಿಡಿದು ಆಡುವ ಸ್ಪೇನ್ ರೀತಿಗೆ ಆರಿಸಿಕೊಂಡ ಆಟಗಾರರನ್ನು ಜರ್ಮನಿಯವರ ಕೈಗೆ, ಅಲ್ಲಿಂದ ಇಂಗ್ಲೆಂಡಿನವರ ಕೈಗೆ, ಈಗ ಮತ್ತೆ ಸ್ಪೇನಿನವರ ಕೈಗೆ ಕೊಟ್ಟರೆ ಹುಡುಗರು ಯಾವುದನ್ನು ಕಲಿಯಬೇಕು? ಅಂದು ನಾವು ಬೇಡವೆಂದ ಕ್ವಾಡ್ರಾಟ್ 2023ರಲ್ಲಿ ಈಸ್ಟ್ ಬೆಂಗಾಲ್‌ನಲ್ಲಿದ್ದರು. ಬಹಳ ಕಾಲ ನೆಲಕಚ್ಚಿದ್ದ ಆ ತಂಡವನ್ನು ಅದೇ ವರ್ಷ ಡ್ಯುರಾಂಡ್ ಕಪ್ ಫೈನಲ್‌ಗೆ ಮುಟ್ಟಿಸಿದರು.

ನಮ್ಮ ಅಭಿಮಾನಿಗಳಿಗೆ ಹಿಡಿಸದ ಹೆಸರೊಂದನ್ನು ಹೇಳುತ್ತೇನೆ: ಕೇರಳ ಬ್ಲಾಸ್ಟರ್ಸ್. ಹೆಚ್ಚುಕಡಿಮೆ ಪ್ರತಿ ಸೀಸನ್‌ಗೂ ಕೋಚ್ ಬದಲಿಸುತ್ತಿದ್ದ ಕ್ಲಬ್ ಅದು. 2021ರಲ್ಲಿ ಇವಾನ್ ವುಕೊಮನೊವಿಚ್ ಬಂದ ಮೇಲೆ ಆ ಚಾಳಿ ಬಿಟ್ಟರು. ನಮ್ಮ ಎದುರೇ ಆಟಗಾರರನ್ನು ಮೈದಾನದಿಂದ ಕರೆದುಕೊಂಡು ಹೋಗಿ ತಮಗೆ ಹತ್ತು ಪಂದ್ಯಗಳ ನಿಷೇಧ, ಕ್ಲಬ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ ತಂದುಕೊಟ್ಟರೂ ಅವರನ್ನು ಬಿಡಲಿಲ್ಲ. ಆ ರಾತ್ರಿ ಅವರು ಮಾಡಿದ್ದು ಸರಿಯಲ್ಲವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಕ್ಲಬ್ ತೋರಿಸಿದ ನಂಬಿಕೆಯ ಫಲ ಈ ಸೀಸನ್ನಿನ ಅಂಕಪಟ್ಟಿಯಲ್ಲಿ ಕಾಣುತ್ತಿದೆ.

ಇನ್ನೊಂದು ನೋವಿನ ವಿಷಯ. ಪಂದ್ಯ ಸೋತ ರಾತ್ರಿಯಿಂದ ಕೋಚ್ ಬಗ್ಗೆ, ಕೆಲವು ಆಟಗಾರರ ಬಗ್ಗೆ, ಅವರ ಮನೆಯವರ ಬಗ್ಗೆ ಆಡಿಕೊಂಡ ಮಾತುಗಳನ್ನು ಇಲ್ಲಿ ಬರೆಯಲಾರೆ. ನೀಲಿ ಅಂಗಿ ತೊಟ್ಟು ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ತೊಂಬತ್ತು ನಿಮಿಷವೂ ನಿಂತು ಹಾಡುವ ಹುಡುಗ ಹುಡುಗಿಯರು ದೇಶಕ್ಕೇ ಮಾದರಿಯಾದ ಅಭಿಮಾನಿಗಳು. ಅವರ ಹೆಸರಿಗೆ ಈ ಹೊಲಸು ಅಂಟಬಾರದು.

ತಾಳ್ಮೆಯಿಂದ ಬೆಳೆಸಲು ಈ ಊರಿನಲ್ಲೇ ಆಟಗಾರರಿದ್ದಾರೆ; ಬೆಂಗಳೂರಿಗೆ ಫುಟ್‌ಬಾಲ್ 2013ರಲ್ಲಿ ಬಂದದ್ದಲ್ಲ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಈ ಊರಿನವರು, ಕಾರ್ಲ್‌ಟನ್ ಚಾಪ್‌ಮನ್ ಈ ಊರಿನವರು. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿತು. ಕ್ಲಬ್ಬಿನ ಕಿರಿಯರ ತಂಡ 2022ರಲ್ಲಿ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಗೆದ್ದಿದೆ. ಹುಡುಗರಿದ್ದಾರೆ. ಅವರನ್ನು ಹಂತ ಹಂತವಾಗಿ ಮುಖ್ಯ ತಂಡಕ್ಕೆ ತರಲು ನಾಲ್ಕೈದು ವರ್ಷ ಒಂದೇ ದಾರಿ ಹಿಡಿಯಬೇಕು. ತನ್ನ ಕೆಲಸ ಮುಂದಿನ ತಿಂಗಳು ಇರುತ್ತದೋ ಇಲ್ಲವೋ ಎಂದು ಹೆದರುವ ಕೋಚ್ ಹತ್ತೊಂಬತ್ತರ ಹುಡುಗನನ್ನು ಧೈರ್ಯವಾಗಿ ಕಣಕ್ಕಿಳಿಸುತ್ತಾನೆಯೇ?

ಸರಗೋಸಾ ಅವರನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಕ್ವಾಡ್ರಾಟ್ ಜೊತೆ ಸಹಾಯಕರಾಗಿದ್ದು, ಐಎಸ್‌ಎಲ್ ಗೆದ್ದ ತಂಡವನ್ನು ಒಳಗಿನಿಂದ ಬಲ್ಲವರು ಅವರು. ಅವರಿಗೂ ಸೋಲುಗಳು ಬರುತ್ತವೆ. ಈ ಸೀಸನ್ನಿನಲ್ಲೇ ಬರಬಹುದು. ಆಗ ಮತ್ತೆ ಅದೇ ಕೂಗು ಎಬ್ಬಿಸಬೇಡಿ ಎಂದು ಸಹ ಅಭಿಮಾನಿಗಳನ್ನು ಕೇಳಿಕೊಳ್ಳುತ್ತೇನೆ. ಕೂಗುವುದಿದ್ದರೆ ಕ್ಲಬ್ಬಿನ ಆಡಳಿತದವರು ಅಭಿಮಾನಿಗಳ ಮುಂದೆ ಬಂದು ಕೂರಲಿ ಎಂದು ಕೂಗೋಣ. ನಿಮ್ಮ ಪತ್ರಿಕೆಯೂ ಅವರನ್ನು ಮಾತಾಡಿಸಿ, ಬೇಸಿಗೆಯಲ್ಲಿ ಆಟಗಾರರನ್ನು ಬಿಟ್ಟುಕೊಟ್ಟದ್ದು ಏಕೆ, ಜನವರಿಯಲ್ಲಿ ಏನು ಮಾಡುತ್ತೀರಿ, ಹೊಸ ಕೋಚ್‌ಗೆ ಎಷ್ಟು ಕಾಲ ಕೊಡುತ್ತೀರಿ ಎಂದು ಕೇಳಿ, ಅವರ ಉತ್ತರವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿಮ್ಮ ಓದುಗ
ಹಲಸೂರು, ಬೆಂಗಳೂರು
ಡಿಸೆಂಬರ್ 2023