ಟೈಲ್ಸ್ ನೀರು ತಡೆಯಂಗಿಲ್ಲ

ನಮ್ಮೂರ ಮನಿಗಳು, ಭಾಗ 4

ಮೊದಲನೇ ಫೋಟೋ ನಮ್ಮನಿ ಬಚ್ಚಲದ್ದು. ಟೈಲ್ಸ್ ಹಾಕಿ ಎರಡು ವರ್ಷ ಆಗಿಲ್ಲ, ಬಾಜು ಖೋಲಿ ಗೋಡಿಗೆ ಹಸಿ ಏರಿ ಬಣ್ಣ ಉದುರಲಕತ್ತದ. ಎರಡನೇ ಫೋಟೋ ಅದನ್ನ ಒಡೆದ ದಿನದ್ದು. ಮ್ಯಾಲೆ ಟೈಲ್ಸ್ ಥಳಥಳ, ಕೆಳಗ ಉಸುಕೆಲ್ಲಾ ಹಸಿ.

ಎಲ್ಲರೂ ಗೌಂಡಿಗೆ ಬೈದ್ರು. ನಾ ಹೇಳೋದು, ತಪ್ಪು ನಮ್ಮದು. ಹೊಳಪಿನ ಟೈಲ್ಸ್ ಹುಡುಕಿ ಯಾದಗಿರಿ, ಶಹಾಪುರ ಎರಡೂ ಕಡೆ ಅಂಗಡಿ ತಿರುಗಿದ್ವಿ. ಗೌಂಡಿ ಕಾಕಾ "ಮೊದಲ ವಾಟರ್‌ಪ್ರೂಫಿಂಗ್ ಮಾಡಿ, ಎರಡು ದಿನ ನೀರು ನಿಲ್ಲಿಸಿ ನೋಡಮು" ಅಂದಾಗ, "ಗೃಹಪ್ರವೇಶ ಹತ್ರ ಬಂದದ, ಅದೆಲ್ಲ ಬ್ಯಾಡ" ಅಂದವರು ನಾವೇ.

ಟೈಲ್ಸ್ ನೀರು ಕುಡಿಯದಿರಬಹುದು, ಆದರೆ ಎರಡು ಟೈಲ್ಸ್ ನಡುವಿನ ಸಂದಿ ಕುಡಿಯುತ್ತದೆ. ನೀರು ತಡೆಯುವುದು ಕೆಳಗಿನ ಪದರ.

ಅಜ್ಜಿ ಕಾಲದ ಬಚ್ಚಲಕ್ಕ ಶಹಾಬಾದಿ ಫರಸಿ ಇತ್ತು. ಅದರ ಸಂದ್ಯಾಗೂ ನೀರು ಇಳೀತಿತ್ತು, ಆದ್ರ ಬಚ್ಚಲ ಹಿತ್ತಲದಾಗ ಇತ್ತು, ನೀರು ಮಣ್ಣಿಗೆ ಹೋಗ್ತಿತ್ತು. ಈಗ ಬಚ್ಚಲ, ಸಂಡಾಸ ಎರಡೂ ಮನಿಯೊಳಗ ಬಂದಾವ, ಮಲಗೋ ಖೋಲಿಗೆ ಅಂಟಿಕೊಂಡಾವ. ಜಾಗ ಬದಲಾಯ್ತು, ಕೆಲಸದ ರೀತಿ ಬದಲಾಗಲಿಲ್ಲ. ಮ್ಯಾಲೆ ಪಾಲಿಶ್ ಇಲ್ಲದ ಆ ಫರಸಿ ಕಾಲಿಗೆ ಹಿಡಿತ ಕೊಡ್ತಿತ್ತು. ನಮ್ಮ ಹೊಸ ಟೈಲ್ಸ್ ಮ್ಯಾಲೆ ಅಜ್ಜಿ ಗೋಡಿ ಹಿಡಕೊಂಡೇ ನಡೀತಾಳ.

ನಿಮ್ಮನಿ ಕೆಲಸ ನಡೆದಿದ್ರ ಈ ಮೂರಕ್ಕ ಪಟ್ಟು ಹಿಡೀರಿ:

1. ಇಳಿಜಾರು. ಜಾಲಿ ಕಡೆಗೆ ಒಂದು ಫೂಟಿಗೆ ಸುಮಾರು ಕಾಲು ಇಂಚು. ಒಂದು ಬಕೆಟ್ ನೀರು ಚೆಲ್ಲಿದ್ರ ಗೊತ್ತಾಗ್ತದ.

2. ವಾಟರ್‌ಪ್ರೂಫಿಂಗ್. ನೆಲಕ್ಕಷ್ಟೇ ಅಲ್ಲ, ಗೋಡಿ ಬುಡ, ಪೈಪಿನ ಸುತ್ತಲೂ ಬೇಕು. ಪೂರ್ತಿ ಒಣಗಿದ ಮ್ಯಾಲೆ ಜಾಲಿ ಮುಚ್ಚಿ ನೀರು ನಿಲ್ಲಿಸಿ, ಒಂದೆರಡು ದಿನ ಕಾಯ್ರಿ.

3. ನೆಲಕ್ಕ ಮ್ಯಾಟ್ ಟೈಲ್ಸ್. ವಿಟ್ರಿಫೈಡ್ ಆದ್ರ ಅದು ನೀರು ಹೀರೋದು 0.5%ಕ್ಕಿಂತ ಹೆಚ್ಚಿಲ್ಲ. ಅದಕ್ಕೇ ಬರೀ ಸಿಮೆಂಟ್ ಸರಿಯಾಗಿ ಹಿಡಿಯಲ್ಲ, ಟೈಲ್ಸ್ ಅಂಟು ಬೇಕು.

ಇದೆಲ್ಲ ಹೇಳಿಕೊಟ್ಟವರು ಅದೇ ಗೌಂಡಿ ಕಾಕಾ. ಬೆಂಗಳೂರಾಗ ವರ್ಷಗಟ್ಟಲೆ ದುಡಿದು ಕಲಿತ ಕೆಲಸ ಅವರದು. ನಮ್ಮ ಕ್ಲಾಸಿನಾಗೂ ಎಷ್ಟೋ ಜನರ ಅಪ್ಪ, ಅಣ್ಣ ಹಂಗೇ ದುಡಿಯಾಕ ಹೋದವರು. ಇದೇ ಮಾತು ಎಂಜಿನಿಯರ್ ಹೇಳಿದ್ರ ತಲಿ ಆಡಿಸ್ತೀವಿ, ಗೌಂಡಿ ಹೇಳಿದ್ರ "ಕೂಲಿ ಹೆಚ್ಚು ಮಾಡಾಕ ಹೇಳ್ತಾನ" ಅಂತೀವಿ. ಆ ಎರಡು ದಿನದ ಕೂಲಿ ಉಳಿಸಿದ್ವಿ. ಈಗ ಒಡೆಯೋ ಕೂಲಿ, ಹೊಸ ಟೈಲ್ಸ್, ಗೋಡಿ ಬಣ್ಣ, ಎಲ್ಲಾ ಮತ್ತೊಮ್ಮೆ.

ಈ ಸಲ ಕಾಕಾ ಹೇಳಿದಂಗ ನಡೆದದ. ಮೂರನೇ ಫೋಟೋದಾಗ ನಿಂತ ನೀರು ನೋಡ್ರಿ, ಇವತ್ತಿಗೆ ಎರಡನೇ ದಿನ. ನಿಮ್ಮನ್ಯಾಗ ಹಿಂಗ ನೋಡಿದ್ರೇನು? ಕಾಮೆಂಟಿನಾಗ ಹೇಳ್ರಿ.

#ಯಾದಗಿರಿ #ಶಹಾಪುರ #ಸುರಪುರ #ನಮ್ಮೂರಮನಿ