ತೋಟಾ ಯಾಕೆ ಕಚ್ಚಿಕೊಂಡಿತು?

ಕೈಲ್‌ಪೊಳ್ದು ಕಳೆದ ಮಾರನೆಯ ದಿನ ವಿರಾಜಪೇಟೆಯ ಹತ್ತಿರ ಮಾವನ ಮನೆಗೆ ಹೋಗಿದ್ದೆ. ಮಾವ ಜಗಲಿಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದರು. ತೊಡೆಯ ಮೇಲೆ ಬಂಗಾಳದ ಈಶಾಪುರದಲ್ಲಿ ತಯಾರಾದ ಹಳೆಯ .315 ರೈಫಲ್. ತೆಂಗಿನಕಾಯಿಗೆ ಈಡು ಹೊಡೆದ ಮೇಲೆ ಖಾಲಿ ತೋಟಾ ಹೊರಗೆ ಬರಲೊಲ್ಲದೆ, ಬೋಲ್ಟನ್ನು ಮರದ ತುಂಡಿನಿಂದ ಬಡಿದು ತೆರೆಯಬೇಕಾಯಿತಂತೆ. ನೆಂಟರೆಲ್ಲ ನಕ್ಕರಂತೆ.

"ತೋಟಾ ಮಾರಿದವನೇ ಕಳ್ಳ ಕಣೋ!"

"ಖಾಲಿ ತೋಟಾ ಎಲ್ಲಿದೆ ಮಾವ?"

ದಾಸವಾಳದ ಬುಡದಲ್ಲಿ ಸಿಕ್ಕಿತು. ಈಡು ಹಾರಿದಾಗ ಹಿತ್ತಾಳೆಯ ಕವಚ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಒತ್ತಡ ಇಳಿದೊಡನೆ ಕೂದಲೆಳೆಯಷ್ಟು ಕುಗ್ಗಿ ಸಡಿಲವಾಗುತ್ತದೆ. ಗೋಡೆಯ ಗುಣದೋಷವೆಲ್ಲ ಅದರ ಮೈಮೇಲೆ ಅಚ್ಚಾಗಿರುತ್ತದೆ.

ಮೊದಲು ನೋಡಿದ್ದು ಬುಡದಿಂದ ತುಸು ಮೇಲೆ ಹೊಳೆಯುವ ಉಂಗುರವಿದೆಯೇ ಎಂದು. ಬಾಗಿಸಿದ ತಂತಿಯ ತುದಿಯನ್ನು ಒಳಗಿಳಿಸಿ ಆ ಜಾಗದಲ್ಲಿ ತಡವಿದೆ. ಅಲ್ಲಿ ಗೀರು ಸಿಕ್ಕಿದರೆ ಕವಚ ಎಳೆದುಕೊಂಡು ತೆಳುವಾಗಿದೆ ಎಂದರ್ಥ. ಬೋಲ್ಟಿಗೂ ಚೇಂಬರಿಗೂ ಅಂತರ ಹೆಚ್ಚಾಗಿರಬಹುದು. ಅಂಥ ಕೋವಿಯಿಂದ ಮತ್ತೊಂದು ಈಡೂ ಹೊಡೆಯಬಾರದು. ಬುಡ ಕಿತ್ತುಬಂದರೆ ಬಿಸಿ ಗಾಳಿ ನುಗ್ಗುವುದು ಕಣ್ಣಿಗೇ. ದೇವರ ದಯೆ, ಉಂಗುರ ಇರಲಿಲ್ಲ. ಕೇಪೂ ಚಪ್ಪಟೆಯಾಗಿರಲಿಲ್ಲ.

ಇದ್ದದ್ದು ಒಂದು ಮಗ್ಗುಲಲ್ಲಿ ಸಾಸಿವೆಯಂಥ ಗುಳ್ಳೆಗಳು. ಮಾವನ ಡಬ್ಬಿಯಲ್ಲಿ ಬೇರೆ ಬೇರೆ ವರ್ಷ ಕೊಂಡ ತೋಟಾಗಳ ಕವಚಗಳಿದ್ದವು. ಬೋಲ್ಟಿನ ಕೊಕ್ಕೆ ಅಂಚಿನಲ್ಲಿ ಬಿಟ್ಟ ಗೀರನ್ನು ಗುರುತಾಗಿಟ್ಟುಕೊಂಡು ಸಾಲಾಗಿ ಜೋಡಿಸಿದೆ. ಎಲ್ಲದರಲ್ಲೂ ಗುಳ್ಳೆ ಒಂದೇ ಕಡೆ! ತೋಟಾದ ದೋಷವಾಗಿದ್ದರೆ ಅದು ದಿಕ್ಕಾಪಾಲಾಗಿರಬೇಕಿತ್ತು. ಕತ್ತಿನಲ್ಲಿ ಉದ್ದಕ್ಕೆ ಸೀಳಿದ ಒಂದೆರಡು ಕವಚಗಳನ್ನು ಮಾತ್ರ ಪಕ್ಕಕ್ಕಿಟ್ಟೆ. ಅದು ಹೆಚ್ಚಾಗಿ ಹಿತ್ತಾಳೆ ಹಳತಾಗಿ ಪೆಡಸಾದುದರ ಲಕ್ಷಣ.

ಬೋಲ್ಟ್ ತೆಗೆದು ಟಾರ್ಚ್ ಹಾಯಿಸಿದಾಗ ಅದೇ ಮಗ್ಗುಲಲ್ಲಿ ಕಂದು ಕಲೆ, ಗುಳಿಗಳು. ಹಳೆಯ ಕಾಲದ ಕೆಲವು ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಯುವುದು ಒಂದು ಬಗೆಯ ಉಪ್ಪು. ಕೊಡಗಿನ ಮಳೆಗಾಲಕ್ಕೆ ಉಪ್ಪು ಸಿಕ್ಕರೆ ಕೇಳಬೇಕೆ? ಮಾವ ಪ್ರತಿ ಸಲ ಎಣ್ಣೆ ಒರೆಸುತ್ತಿದ್ದರು, ನಿಜ. ಆದರೆ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಮೊದಲು ಕುದಿನೀರು, ಒಣಗಿದ ಮೇಲೆ ಎಣ್ಣೆ.

"ಮರಳು ಕಾಗದ ಹಾಕಿ ಉಜ್ಜಿಬಿಡ್ಲಾ?" ಎಂದರು.

ಬೇಡವೆಂದೆ. ಉಜ್ಜಿದಷ್ಟೂ ಚೇಂಬರ್ ದೊಡ್ಡದಾಗುತ್ತದೆ, ಆಗ ನಿಜವಾಗಿ ಅಪಾಯ. ಪರವಾನಗಿ ಇರುವ ಕೋವಿ ರಿಪೇರಿಯವರು 90 ಡಿಗ್ರಿ ಸೆಲ್ಸಿಯಸ್ಸಿನೊಳಗೇ ಕರಗುವ ಮಿಶ್ರಲೋಹವನ್ನು ಚೇಂಬರಿಗೆ ಹೊಯ್ದು, ಅಚ್ಚು ತೆಗೆದು ಅಳೆಯಬಲ್ಲರು. ಉಜ್ಜುವುದೋ, ನಳಿಗೆ ಬದಲಿಸುವುದೋ ಆಮೇಲಿನ ಮಾತು.

ಮಾವ ಒಪ್ಪಿದರು. ಅಂಗಡಿಯವನನ್ನು ಬೈದದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.